ಸಿಪಿ (ಸೆರೆಬ್ರಲ್ ಪಾಲ್ಸಿ), ಆಟಿಸಂ ಇರುವ ಮಕ್ಕಳಿಗೆ ಯಾವ ಡ್ರಾಯಿಂಗ್ ಸಾಫ್ಟ್‌ವೇರ್? ಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಲು ಮಕ್ಕಳಿಗೆ ತರಬೇತಿ ಕೊಡುವವಳು. ಅಂಗವೈಕಲ್ಯ ಇರುವ ಮಕ್ಕಳು ಕಂಪ್ಯೂಟರ್, ಟ್ಯಾಬ್ ಮೇಲೆ ಚಿತ್ರ ಬಿಡಿಸುವ ಬಗ್ಗೆ ಇವತ್ತು ಕೇಳಿ. ಒಂದು ವಿನಂತಿ: ಡಾಕ್ಟರ್ ರಿಪೋರ್ಟಿನಲ್ಲಿರುವ ತೊಂದರೆಯ ಹೆಸರೊಂದನ್ನೇ ಬರೆಯಬೇಡಿ. ಮಗುವಿನ ವಯಸ್ಸೆಷ್ಟು, ಮನೆಯಲ್ಲಿ ಯಾವ ಸಾಧನ ಇದೆ, ಕೈ ಎಷ್ಟು ಓಡುತ್ತದೆ, ಇಷ್ಟು ಹೇಳಿ. ‘ಸಿಪಿ’ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು) ಅಂತಷ್ಟೇ ಬರೆದರೆ ನಿಮ್ಮ ಮಗುವಿನ ಬಗ್ಗೆ ನನಗೆ ಏನೂ ಗೊತ್ತಾಗುವುದಿಲ್ಲ. ‘ಎಡಗೈ ಹೆಬ್ಬೆರಳು ಚೆನ್ನಾಗಿ ಒತ್ತುತ್ತದೆ’ ಅಂದರೆ ಅರ್ಧ ಕೆಲಸ ಆದಂತೆ.

ಪ್ರಶ್ನೆ (ಹಾಸನದ ಒಬ್ಬ ತಾಯಿ): ಮಗನಿಗೆ 7 ವರ್ಷ. ಸ್ಪಾಸ್ಟಿಕ್ ಸಿಪಿ (ಸ್ನಾಯು ಬಿಗಿ ಹಿಡಿಯುವ ಬಗೆ). ಬಲಗೈ ಬಿಗಿ, ಎಡಗೈ ಪರವಾಗಿಲ್ಲ. ಕ್ರೇಯಾನ್ ಹಿಡಿದರೆ ಮುರಿದೇ ಹೋಗುತ್ತದೆ. ಹಳೇ ವಿಂಡೋಸ್ ಲ್ಯಾಪ್‌ಟಾಪ್ ಇದೆ. ಅದರಲ್ಲಿ ಪೇಂಟ್ ತೆರೆದು ಕೊಟ್ಟೆ. ಮೌಸ್ ಒತ್ತಿ ಹಿಡಿದು ಎಳೆಯುವಷ್ಟರಲ್ಲಿ ಬೆರಳು ಬಿಟ್ಟುಹೋಗುತ್ತದೆ, ಗೆರೆ ತುಂಡು ತುಂಡು. ಇನ್ನೊಂದು ವಿಷಯ, ಗೆರೆ ಎಳೆಯುವಾಗ ಅವನು ಪರದೆಯನ್ನೇ ನೋಡುವುದಿಲ್ಲ. ಮುಖ ಪಕ್ಕಕ್ಕೆ ತಿರುಗಿಸುತ್ತಾನೆ. ಆಸಕ್ತಿನೇ ಇಲ್ವೇನೋ ಅನ್ನಿಸುತ್ತದೆ. ಸಾವಿರ, ಎರಡು ಸಾವಿರ ಆದರೂ ಸರಿ, ಯಾವ ಆ್ಯಪ್ ಕೊಳ್ಳಲಿ?

ಉತ್ತರ: ದುಡ್ಡು ಹಾಗೇ ಇರಲಿ. ‘ಟಕ್ಸ್ ಪೇಂಟ್’ ಅಂತ ಒಂದಿದೆ. 2002ರಿಂದ ಇದೆ, ಪೂರ್ತಿ ಉಚಿತ, ಓಪನ್ ಸೋರ್ಸ್. ಜಾಹೀರಾತು ಇಲ್ಲ, ಇಂಟರ್ನೆಟ್ಟೂ ಬೇಡ. ಭಾಷೆಯ ಪಟ್ಟಿಯಲ್ಲಿ ಕನ್ನಡವೂ ಇದೆ. ನಿಮ್ಮ ಹಳೇ ಲ್ಯಾಪ್‌ಟಾಪಿಗೆ ಇದು ಭಾರ ಆಗುವುದಿಲ್ಲ.

ಆದರೆ ಹಾಕಿದ ತಕ್ಷಣ ಮಗನಿಗೆ ಕೊಡಬೇಡಿ. ಅದರ ಜೊತೆ ‘ಟಕ್ಸ್ ಪೇಂಟ್ ಕಾನ್ಫಿಗ್’ ಎಂಬ ಇನ್ನೊಂದು ಪುಟ್ಟ ಪ್ರೋಗ್ರಾಂ ಬರುತ್ತದೆ. ತುಂಬಾ ಜನ ಅದನ್ನು ತೆರೆದೇ ನೋಡುವುದಿಲ್ಲ. ನಿಮ್ಮ ಮಗನಿಗೆ ಬೇಕಾದ್ದು ಇರುವುದೇ ಅಲ್ಲಿ.

ಮೌಸ್ ಎಳೆಯುವುದು ನಮಗೆ ಒಂದೇ ಕೆಲಸ. ಅವನಿಗೆ ಎರಡು: ಬೆರಳು ಒತ್ತಿಯೇ ಇರಬೇಕು, ಅದೇ ಹೊತ್ತಿಗೆ ತೋಳು ಸರಿಯಬೇಕು. ಬಿಗಿ ಇರುವ ಕೈಗೆ ಈ ಎರಡನ್ನೂ ಒಟ್ಟಿಗೆ ಮಾಡುವುದು ಬಹಳ ಕಷ್ಟ. ಕಾನ್ಫಿಗ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಎಂಬ ಪುಟದಲ್ಲಿ ಮೌಸ್‌ಗೆ ಸಂಬಂಧಿಸಿದ ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿದರೆ ಒತ್ತಿ ಹಿಡಿಯುವ ಗೋಜೇ ಇಲ್ಲ. ಒಮ್ಮೆ ಒತ್ತಿ ಬಿಟ್ಟರೆ ಗೆರೆ ಶುರು, ಮೌಸ್ ಸರಿಸಿದಷ್ಟೂ ಗೆರೆ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಎರಡು ಕೆಲಸ ಬೇರೆ ಬೇರೆ ಆಯಿತು.

ಅಲ್ಲೇ ಇನ್ನೂ ಮೂರ್ನಾಲ್ಕು ಬದಲಾವಣೆ ಮಾಡಿ. ಬಟನ್ ಗಾತ್ರ ಮೊದಲು 48 ಪಿಕ್ಸೆಲ್ ಇರುತ್ತದೆ, 192ರ ತನಕ ಹಿಗ್ಗಿಸಬಹುದು. ಪರದೆ ನೋಡಿಕೊಂಡು ದೊಡ್ಡದು ಮಾಡಿ. ಮೌಸ್‌ನ ಯಾವ ಗುಂಡಿ ಒತ್ತಿದರೂ ನಡೆಯುವಂತೆ ಮಾಡಬಹುದು, ಅದನ್ನೂ ಹಾಕಿ. ಆಕಾರಗಳನ್ನು ತಿರುಗಿಸುವ ಹಂತವನ್ನು ತೆಗೆಯಿರಿ. ‘ಕ್ವಿಟ್’ ಗುಂಡಿಯನ್ನು ಮುಚ್ಚಿಬಿಡಿ. ಇಲ್ಲದಿದ್ದರೆ ಚಿತ್ರದ ನಡುವೆ ಒಂದು ತಪ್ಪು ಒತ್ತಿಗೆ ‘ಹೊರಗೆ ಹೋಗಬೇಕಾ’ ಎಂಬ ಪ್ರಶ್ನೆ ಬಂದು ಅಡ್ಡ ನಿಲ್ಲುತ್ತದೆ. ವಿಂಡೋಸ್ ಸೆಟ್ಟಿಂಗ್‌ನಲ್ಲಿ ಪಾಯಿಂಟರ್ ವೇಗ ಕಡಿಮೆ ಮಾಡಿ, ಪಾಯಿಂಟರ್ ದಪ್ಪ ಮಾಡಿ.

ಇನ್ನು ಮುಖ ತಿರುಗಿಸುವ ವಿಷಯ. ಇದನ್ನು ಆಸಕ್ತಿ ಇಲ್ಲ ಅಂತ ಓದಬೇಡಿ. ಸಿಪಿ ಇರುವ ಮಕ್ಕಳಲ್ಲಿ ಕೆಲವರಿಗೆ ಕಣ್ಣು ಸರಿಯಿದ್ದರೂ, ಕಂಡದ್ದನ್ನು ಮಿದುಳು ಜೋಡಿಸಿಕೊಳ್ಳುವುದು ಕಷ್ಟ. ಡಾಕ್ಟರುಗಳು ಇದನ್ನು ಸಿವಿಐ ಅನ್ನುತ್ತಾರೆ. ಇಂಥ ಮಕ್ಕಳು ವಸ್ತುವನ್ನು ಒಮ್ಮೆ ನೋಡಿ, ಆಮೇಲೆ ಮುಖ ತಿರುಗಿಸಿ ಕೈ ಚಾಚುವುದುಂಟು. ನೋಡುವುದು, ಕೈ ಆಡಿಸುವುದು ಎರಡೂ ಒಟ್ಟಿಗೆ ಆಗುವುದಿಲ್ಲ. ನಿಮ್ಮ ಮಗನಿಗೆ ಅದೇ ಇದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಕಣ್ಣಿನ ಡಾಕ್ಟರ್ ಹತ್ತಿರ ಹೋದಾಗ ‘ಸಿವಿಐ ಇರಬಹುದಾ’ ಅಂತ ಹೆಸರು ಹಿಡಿದೇ ಕೇಳಿ.

ಅಲ್ಲಿಯವರೆಗೆ ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಟಕ್ಸ್ ಪೇಂಟ್‌ನಲ್ಲಿ ‘ನ್ಯೂ’ ಒತ್ತಿದರೆ ಹಾಳೆಯ ಬಣ್ಣ ಕೇಳುತ್ತದೆ. ಕಪ್ಪು ಆರಿಸಿ. ದಪ್ಪ ಬ್ರಷ್, ಹಳದಿ ಅಥವಾ ಕೆಂಪು ಬಣ್ಣ. ಲ್ಯಾಪ್‌ಟಾಪ್ ಹಿಂದೆ ಕಿಟಕಿ, ಟಿವಿ, ಓಡಾಡುವ ಜನ ಇರಬಾರದು. ಅವನು ಮುಖ ತಿರುಗಿಸಿದರೆ ‘ಇಲ್ನೋಡು, ಇಲ್ನೋಡು’ ಅನ್ನಬೇಡಿ. ಸುಮ್ನೆ ಇರಿ. ಹತ್ತು ಸೆಕೆಂಡ್ ಕಾಯಿರಿ. ನಮಗೆ ಹತ್ತು ಸೆಕೆಂಡ್ ಬಹಳ ಉದ್ದ ಅನ್ನಿಸುತ್ತದೆ, ಅದು ನಮ್ಮ ಸಮಸ್ಯೆ.

ಕೂರುವ ರೀತಿಯೂ ಮುಖ್ಯ. ಕಾಲು ನೇತಾಡುತ್ತಿದ್ದರೆ ಮೈಯೆಲ್ಲ ಬಿಗಿ ಹಿಡಿಯುತ್ತದೆ, ಕೈಗೂ ಅದೇ ಬಿಗಿ ಬರುತ್ತದೆ. ಪಾದದ ಕೆಳಗೆ ಒಂದು ಮಣೆ ಇಡಿ.

ಅದೇ ತಾಯಿ: ಇಷ್ಟೆಲ್ಲ ಇರುವುದು ಗೊತ್ತೇ ಇರಲಿಲ್ಲ ಮೇಡಂ. ಅವನಿಗೆ ಮೌಸ್ ಸರಿಸುವುದೂ ಆಗದಿದ್ದರೆ?

ಉತ್ತರ: ಆಗ ಲ್ಯಾಪ್‌ಟಾಪಿಗೆ ಎರಡು ಮೌಸ್ ಚುಚ್ಚಿ. ಎರಡೂ ಒಂದೇ ಪಾಯಿಂಟರನ್ನು ಓಡಿಸುತ್ತವೆ. ಒಂದು ನಿಮ್ಮ ಕೈಯಲ್ಲಿ, ನೀವು ಪಾಯಿಂಟರ್ ಸರಿಸುತ್ತೀರಿ. ಇನ್ನೊಂದು ಅವನ ಎಡಗೈ ಕೆಳಗೆ, ಅವನು ಒತ್ತುವುದಷ್ಟೇ. ‘ಸ್ಟಾಂಪ್’ ಆರಿಸಿದರೆ ಅವನು ಒತ್ತಿದ ಕಡೆ ಹೂವೋ ಹಕ್ಕಿಯೋ ಬೀಳುತ್ತದೆ. ಕೆಲವು ಸ್ಟಾಂಪ್ ಸದ್ದೂ ಮಾಡುತ್ತವೆ. ಸ್ಟಾಂಪ್‌ಗಳನ್ನು ಬೇರೆಯಾಗಿ ಡೌನ್‌ಲೋಡ್ ಮಾಡಬೇಕು, ಮರೆಯಬೇಡಿ. ಎಲ್ಲಿ ಹಾಕಬೇಕು ಅಂತ ಅವನನ್ನೇ ಕೇಳಿ. ಕಣ್ಣಲ್ಲಿ ತೋರಿಸಲಿ, ತಲೆ ಆಡಿಸಲಿ. ನೀವು ಅವನ ತೋಳು ಮಾತ್ರ, ಚಿತ್ರ ಅವನದು.

ಮುಂದೆ ಟ್ರ್ಯಾಕ್‌ಬಾಲ್ ಯೋಚಿಸಬಹುದು. ಸಾಧನ ಇದ್ದಲ್ಲೇ ಇರುತ್ತದೆ, ಮೇಲಿನ ಗುಂಡು ಮಾತ್ರ ಉರುಳುತ್ತದೆ. ಅಂಗೈಯಿಂದ ಉಜ್ಜಿದರೂ ಸಾಕು. ದೊಡ್ಡ ಗುಂಡಿ ಬೇಕಾದರೆ, ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಒಂದು ವೈರಿನ ಮೌಸ್ ಕೊಟ್ಟು, ಎಡ ಕ್ಲಿಕ್‌ನ ಎರಡು ಕಾಲುಗಳಿಂದ ವೈರ್ ಎಳೆದು 3.5 ಮಿ.ಮೀ. ಜ್ಯಾಕ್ (ಇಯರ್‌ಫೋನ್ ಚುಚ್ಚುವಂಥದ್ದು) ಬೆಸುಗೆ ಹಾಕಿಸಿ. ಆ ಜ್ಯಾಕ್‌ಗೆ ಹೊಂದುವ ಪಿನ್ ಇರುವ ಯಾವ ದೊಡ್ಡ ಒತ್ತುಗುಂಡಿಯನ್ನು (ಸ್ವಿಚ್) ಬೇಕಾದರೂ ಸೇರಿಸಬಹುದು. ಸಣ್ಣ ಕೆಲಸ, ಆದರೆ ‘ಇದ್ಯಾಕೆ’ ಅಂತ ವಿವರಿಸುವುದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ!

ಪ್ರಶ್ನೆ (ಶಿವಮೊಗ್ಗದ ಒಬ್ಬ ತಂದೆ): ಮಗಳಿಗೆ 9, ಆಟಿಸಂ. ಕೈಗೆ ಏನೂ ತೊಂದರೆ ಇಲ್ಲ. ಫೋನಿನಲ್ಲಿ ಬಣ್ಣದ ಆ್ಯಪ್ ಹಾಕಿಕೊಟ್ಟೆ. ಮಧ್ಯದಲ್ಲಿ ಜಾಹೀರಾತು ಕಿರುಚಿದರೆ ಫೋನ್ ಎಸೆಯುತ್ತಾಳೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಬಿಡಿಸುತ್ತಾಳೆ, ಆದರೆ ಮುಗಿದ ಮೇಲೆ ಪೂರ್ತಿ ಅಳಿಸಿಬಿಡುತ್ತಾಳೆ. ಒಂದು ಚಿತ್ರವೂ ಉಳಿದಿಲ್ಲ.

ಉತ್ತರ: ಫೋನ್ ಎಸೆದದ್ದರಲ್ಲಿ ಅವಳ ತಪ್ಪೇನಿಲ್ಲ ಸರ್, ಆ ಜಾಹೀರಾತಿಗೆ ನನಗೂ ಎಸೆಯಬೇಕು ಅನ್ನಿಸುತ್ತದೆ. ಜಾಹೀರಾತು ಇರುವ ಯಾವುದೂ ಬೇಡ. ಟಕ್ಸ್ ಪೇಂಟ್ ಆಂಡ್ರಾಯ್ಡ್‌ಗೂ ಇದೆ. ಲ್ಯಾಪ್‌ಟಾಪಿನಲ್ಲಿ ಅದರ ಸದ್ದೂ ಬೇಡವಾದರೆ ಆಲ್ಟ್ ಜೊತೆ ಎಸ್ ಒತ್ತಿ, ಸುಮ್ಮನಾಗುತ್ತದೆ.

ಅಳಿಸುವುದನ್ನು ತಡೆಯಬೇಡಿ. ಎಷ್ಟೋ ಮಕ್ಕಳಿಗೆ ಅಳಿಸುವುದೂ ಚಿತ್ರದ ಒಂದು ಭಾಗ. ನಾವು ರಂಗೋಲಿ ಹಾಕಿ ಮರುದಿನ ನೀರು ಹಾಕುವುದಿಲ್ವಾ? ಆದರೆ ನಿಮಗೆ ನೋಡುವ ಆಸೆ, ಅದೂ ಸರಿಯೇ. ಕಾನ್ಫಿಗ್‌ನಲ್ಲಿ, ಸೇವ್ ಮಾಡಿದಾಗಲೆಲ್ಲ ಹೊಸ ಚಿತ್ರವಾಗಿಯೇ ಉಳಿಸುವ ಆಯ್ಕೆ ಇದೆ. ಅದನ್ನು ಹಾಕಿ, ಐದೈದು ನಿಮಿಷಕ್ಕೆ ಒಮ್ಮೆ ಸೇವ್ ಒತ್ತಿ. ಅವಳಿಗೆ ಹೇಳಿಯೇ ಒತ್ತಿ, ಕದ್ದುಮುಚ್ಚಿ ಬೇಡ. ಆಮೇಲೆ ‘ಓಪನ್’ ಒಳಗಿನ ‘ಸ್ಲೈಡ್ಸ್’ನಲ್ಲಿ ಆ ಚಿತ್ರಗಳನ್ನು ಸಾಲಾಗಿ ಓಡಿಸಬಹುದು. ಖಾಲಿ ಹಾಳೆಯಿಂದ ಶುರುವಾಗಿ, ತುಂಬಿ, ಮತ್ತೆ ಖಾಲಿಯಾಗುವುದು ಸಿನಿಮಾ ಥರ ಕಾಣುತ್ತದೆ. ಅವಳಿಗೆ ಇಷ್ಟ ಆಗಬಹುದು, ಆಗದೆಯೂ ಇರಬಹುದು.

ಐಪ್ಯಾಡ್ ಇರುವವರಿಗೆ: ‘ಗೈಡೆಡ್ ಆ್ಯಕ್ಸೆಸ್’ ಹಾಕಿದರೆ ಮಗು ಆ್ಯಪ್‌ನಿಂದ ಹೊರಗೆ ಹೋಗುವುದಿಲ್ಲ. ಪರದೆಯ ಯಾವ ಜಾಗ ಮುಟ್ಟಿದರೂ ಏನೂ ಆಗಬಾರದೋ ಅದರ ಸುತ್ತ ಬೆರಳಿನಿಂದ ಗೆರೆ ಎಳೆದು ಮುಚ್ಚಲೂ ಬಹುದು. ಕೈ ನಡುಗುವ ಮಕ್ಕಳಿಗೆ ‘ಟಚ್ ಅಕಾಮಡೇಶನ್ಸ್’ ನೋಡಿ. ಎಷ್ಟು ಹೊತ್ತು ಮುಟ್ಟಿದರೆ ಲೆಕ್ಕಕ್ಕೆ ಬರಬೇಕು ಅಂತ ನೀವೇ ನಿಗದಿ ಮಾಡಬಹುದು.

ಪ್ರಶ್ನೆ (ಧಾರವಾಡದ ಒಬ್ಬ ತಾಯಿ): ಮಗನಿಗೆ 13, ಡುಶೆನ್ ಮಸ್ಕುಲರ್ ಡಿಸ್ಟ್ರೋಫಿ (ಸ್ನಾಯುಗಳು ಬರಬರುತ್ತಾ ಸೋಲುವ ಕಾಯಿಲೆ). ಮೊದಲೆಲ್ಲ ಚಂದ ಚಿತ್ರ ತೆಗೀತಿದ್ದ. ಈಗ ತೋಳು ಎತ್ತಲು ಆಗುವುದಿಲ್ಲ, ಬೆರಳು ಆಡುತ್ತವೆ. ಟಕ್ಸ್ ಪೇಂಟ್ ತೋರಿಸಿದರೆ ‘ಅದು ಸಣ್ಣ ಮಕ್ಕಳದ್ದು’ ಅಂತ ಸಿಟ್ಟು ಮಾಡಿಕೊಂಡ.

ಉತ್ತರ: ಅವನ ಸಿಟ್ಟು ನ್ಯಾಯವಾಗಿದೆ. 13ರ ಹುಡುಗನಿಗೆ ಟಕ್ಸ್ ಪೇಂಟ್‌ನ ಪೆಂಗ್ವಿನ್ ಚಿತ್ರ ತೋರಿಸಿದರೆ ಮತ್ತೇನು ಮಾಡುತ್ತಾನೆ!

‘ಕ್ರಿಟಾ’ ಕೊಡಿ. ದೊಡ್ಡ ಕಲಾವಿದರು ಬಳಸುವ ಸಾಫ್ಟ್‌ವೇರ್, ಇದೂ ಉಚಿತ. ನಿಮ್ಮ ಮಗನಿಗೆ ಬೇಕಾದ್ದು ಹಾಸನದ ಹುಡುಗನಿಗೆ ಬೇಕಾದ್ದರ ಉಲ್ಟಾ. ಅಲ್ಲಿ ಪಾಯಿಂಟರ್ ನಿಧಾನ ಮಾಡಿದೆವು. ಇಲ್ಲಿ ಜೋರು ಮಾಡಬೇಕು, ಬೆರಳು ಒಂದಿಷ್ಟೇ ಸರಿದರೂ ಗೆರೆ ಪರದೆಯ ಆ ತುದಿ ಮುಟ್ಟುವಂತೆ. ಪೆನ್ ಟ್ಯಾಬ್ಲೆಟ್ (ಮೇಲೆ ಪೆನ್ನಿನಿಂದ ಎಳೆದದ್ದು ಕಂಪ್ಯೂಟರಿನಲ್ಲಿ ಮೂಡುವ ಹಲಗೆ) ಕೊಳ್ಳುವುದಾದರೆ ಅಂಗಡಿಯವರು ದೊಡ್ಡದು ತೋರಿಸುತ್ತಾರೆ, ಅತಿ ಚಿಕ್ಕದನ್ನೇ ತನ್ನಿ. ಮಣಿಕಟ್ಟು ಊರಿದಲ್ಲೇ ಇದ್ದು ಬೆರಳಷ್ಟೇ ಆಡಿದರೂ ಪೂರ್ತಿ ಪರದೆ ಸಿಗಬೇಕು.

ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್‌ನಲ್ಲಿ ಒತ್ತಡದ ಗ್ರಾಫ್ ಒಂದಿದೆ. ಆ ಗೆರೆಯನ್ನು ಮೇಲಕ್ಕೆ ಬಗ್ಗಿಸಿದರೆ, ಮೆತ್ತಗೆ ಮುಟ್ಟಿದರೂ ದಪ್ಪ ಗೆರೆ ಬರುತ್ತದೆ. ಬ್ರಷ್‌ನ ಆಯ್ಕೆಗಳಲ್ಲಿ ‘ಸ್ಟೆಬಿಲೈಜರ್’ ಇದೆ, ನಡುಗಿದ ಗೆರೆಯನ್ನು ನಯ ಮಾಡಿಕೊಡುತ್ತದೆ. ಅದನ್ನು ಎಷ್ಟು ಹಾಕಬೇಕು ಅನ್ನುವುದು ಅವನ ಇಷ್ಟ. ನಡುಗುವ ಗೆರೆಯೇ ಇರಲಿ ಅಂತಾನೂ ಹೇಳಬಹುದು. ಒಂದೇ ಎಚ್ಚರಿಕೆ: ಸುಸ್ತಾಗುವ ಮೊದಲೇ ನಿಲ್ಲಿಸಬೇಕು, ಸುಸ್ತಾದ ಮೇಲೆ ಅಲ್ಲ.

ಪ್ರಶ್ನೆ (ಬೆಂಗಳೂರಿನ ಒಬ್ಬ ತಾಯಿ): ರೆಟ್ ಸಿಂಡ್ರೋಮ್ (ಕೈ ಬಳಕೆ, ಮಾತು ಕಳೆದುಹೋಗುವ ಅಪರೂಪದ ಮಿದುಳಿನ ತೊಂದರೆ), 10 ವರ್ಷದ ಮಗಳು. ಕೈ ಬಳಸುವುದೇ ಇಲ್ಲ, ಕಣ್ಣು ಮಾತ್ರ ತುಂಬಾ ಚುರುಕು.

ಉತ್ತರ: ಕಣ್ಣಿನಿಂದಲೇ ಬಿಡಿಸಲು ಆಗುತ್ತದೆ. ಅದಕ್ಕೆಂದೇ ಮಾಡಿದ ಒಳ್ಳೆಯ ಐ ಗೇಜ್ (ಕಣ್ಣು ಎಲ್ಲಿ ನೋಡುತ್ತಿದೆ ಅಂತ ಗುರುತಿಸುವ) ಸಾಧನಗಳಿಗೆ ಲಕ್ಷಗಟ್ಟಲೆ ಬೇಕು. 2024ರಲ್ಲಿ ಬಂದ ಐಪ್ಯಾಡ್‌ಒಎಸ್ 18ರಲ್ಲಿ, ಮುಂದಿನ ಕ್ಯಾಮೆರಾ ಬಳಸಿಕೊಂಡು ಕಣ್ಣಿನಿಂದ ಓಡಿಸುವ ಸೌಲಭ್ಯ ಕೊಟ್ಟಿದ್ದಾರೆ. ಎಲ್ಲ ಐಪ್ಯಾಡ್‌ನಲ್ಲೂ ಬರುವುದಿಲ್ಲ, ಗುರಿ ಅಷ್ಟು ನಿಖರವೂ ಅಲ್ಲ. ಯಾರ ಹತ್ತಿರವಾದರೂ ಇದ್ದರೆ ಒಂದು ಸಂಜೆ ತಂದು ನೋಡಿ, ಆಮೇಲೆ ಕೊಳ್ಳುವ ಮಾತು. ತಲೆಯನ್ನು ಹಿಡಿತದಲ್ಲಿ ಆಡಿಸಬಲ್ಲ ಬೇರೆ ಮಕ್ಕಳಿಗೆ ‘ಈವಿಯಾಕ್ಯಾಮ್’ ಎಂಬ ಉಚಿತ ಪ್ರೋಗ್ರಾಂ ಇದೆ. ಸಾಮಾನ್ಯ ವೆಬ್‌ಕ್ಯಾಮ್ ಸಾಕು, ತಲೆ ಆಡಿಸಿದರೆ ಪಾಯಿಂಟರ್ ಓಡುತ್ತದೆ, ಒಂದೆಡೆ ನಿಲ್ಲಿಸಿದರೆ ಕ್ಲಿಕ್ ಆಗುತ್ತದೆ.

ಪ್ರಶ್ನೆ (ಕೊಪ್ಪಳ ಕಡೆಯ ಶಿಕ್ಷಕರು): ಸರ್ಕಾರಿ ಶಾಲೆ, ನೆಟ್ ಇಲ್ಲ, ಹಳೇ ಕಂಪ್ಯೂಟರ್ ಇವೆ. ಪೂರ್ತಿ ಕಣ್ಣು ಕಾಣದ ಒಬ್ಬ ಹುಡುಗಿಯೂ ಇದ್ದಾಳೆ, ಅವಳಿಗೆ ಯಾವ ಸಾಫ್ಟ್‌ವೇರ್?

ಉತ್ತರ: ಟಕ್ಸ್ ಪೇಂಟನ್ನು ಪೆನ್ ಡ್ರೈವ್‌ನಲ್ಲಿ ಒಯ್ದರೆ ಆಯಿತು, ನೆಟ್ ಬೇಡ. ನಿಮ್ಮ ಬ್ಲಾಕ್‌ನ ಬಿಐಇಆರ್‌ಟಿ (ಅಂಗವೈಕಲ್ಯ ಇರುವ ಮಕ್ಕಳಿಗೆಂದೇ ಇರುವ) ಶಿಕ್ಷಕರನ್ನೂ ಜೊತೆಗೆ ಕೂರಿಸಿಕೊಳ್ಳಿ.

ಆ ಹುಡುಗಿಗೆ ಸಾಫ್ಟ್‌ವೇರ್ ಬೇಡ. ‘ಸ್ಕ್ರೀನ್ ರೀಡರ್’ ಎಂಬ ಸಾಫ್ಟ್‌ವೇರ್ ಪರದೆಯ ಅಕ್ಷರವನ್ನು ಗಟ್ಟಿಯಾಗಿ ಓದುತ್ತದೆ, ಹಾಳೆಯ ಮೇಲಿನ ಗೆರೆ ಹೇಗಿದೆ ಅಂತ ಹೇಳುವುದಿಲ್ಲ. ರಬ್ಬರ್ ಮ್ಯಾಟ್ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ, ಬಾಲ್ ಪೆನ್ನಿನಿಂದ ಒತ್ತಿ ಎಳೆಯಲಿ. ಗೆರೆ ಉಬ್ಬಿ ಬರುತ್ತದೆ, ಎಳೆದದ್ದು ತಕ್ಷಣ ಬೆರಳಿಗೆ ಸಿಗುತ್ತದೆ. ಅಂಟು ಹಚ್ಚಿದ ಉಲ್ಲನ್ ದಾರವೂ ಆಗುತ್ತದೆ.

ಪ್ರಶ್ನೆ (ಮೈಸೂರಿನ ಒಬ್ಬ ಅಜ್ಜ): ಮಣ್ಣು, ನೀರು, ಬಣ್ಣ ಬಿಟ್ಟು ಈ ಸ್ಕ್ರೀನ್ ಎಲ್ಲ ಬೇಕಾ?

ಉತ್ತರ: ಬಿಡಬೇಡಿ ಅಂಕಲ್. ಮಣ್ಣು ಮಣ್ಣೇ. ಆದರೆ ಕ್ರೇಯಾನ್‌ಗೆ ಇಷ್ಟು ಬಲ ಹಾಕಲೇಬೇಕು, ಪರದೆಗೆ ಬೇಡ. ಕಾಗದದ ಮೇಲೆ ತಪ್ಪಿದರೆ ತಪ್ಪಿದ್ದೇ, ಇಲ್ಲಿ ಒಂದು ಗುಂಡಿ ಒತ್ತಿದರೆ ಹಿಂದಕ್ಕೆ ಬರಬಹುದು. ‘ಕಿಡ್ ಪಿಕ್ಸ್’ ಅಂತ ಒಂದು ಹಳೇ ಪ್ರೋಗ್ರಾಂ ಇತ್ತು, 1989ರದ್ದು. ಕ್ರೇಗ್ ಹಿಕ್‌ಮನ್ ಎಂಬುವರು ತಮ್ಮ ಮೂರು ವರ್ಷದ ಮಗ ದೊಡ್ಡವರ ಪೇಂಟ್ ಪ್ರೋಗ್ರಾಂನಲ್ಲಿ ಒದ್ದಾಡುವುದನ್ನು ನೋಡಿ ಅದನ್ನು ಮಾಡಿದರು. ಪಕ್ಕದಲ್ಲಿ ಕೂತು ನೋಡಿದ್ದರಿಂದಲೇ ಅದು ಹುಟ್ಟಿತು.

ನಾನೂ ಒಮ್ಮೆ ನೋಡದೆ ಕೆಟ್ಟೆ. ಕ್ಲಿನಿಕ್‌ಗೆಂದು ದುಬಾರಿ ಆ್ಯಪ್ ಒಂದನ್ನು ತಂದಿದ್ದೆ. ಎಲ್ಲಿ ಮುಟ್ಟಿದರೂ ತಾನೇ ಸುಂದರ ಚಿತ್ರ ಮಾಡುತ್ತಿತ್ತು. ಒಬ್ಬ ಹುಡುಗಿ ನಾಲ್ಕು ಸಲ ಮುಟ್ಟಿ, ಪರದೆ ಬಿಟ್ಟು ನನ್ನ ಮುಖ ನೋಡಿದಳು. ಚಪ್ಪಾಳೆ ತಟ್ಟುತ್ತಿದ್ದವಳು ನಾನೊಬ್ಬಳೇ. ಚಿತ್ರ ತನ್ನದಲ್ಲ ಅಂತ ಅವಳಿಗೆ ಗೊತ್ತಾಗಿತ್ತು. ಆಮೇಲಿಂದ ಆ್ಯಪ್ ತೆಗೆದುಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡುತ್ತೇನೆ: ಇದರಲ್ಲಿ ಮಗು ಕೆಟ್ಟ ಚಿತ್ರ ಬಿಡಿಸಲು ಆಗುತ್ತದಾ? ಆಗದಿದ್ದರೆ ಬೇಡ.

ಹಾಸನದ ತಾಯಿ (ರಾತ್ರಿ): ಮೇಡಂ, ಸಂಜೆ ಹಾಕಿದೆವು. ಕಪ್ಪು ಹಾಳೆ, ಹಳದಿ ಬಣ್ಣ. ಒಮ್ಮೆ ಒತ್ತಿದ, ಗೆರೆ ಶುರುವಾಯಿತು. ಎರಡನೇ ಸಲ ಒತ್ತಲೇ ಇಲ್ಲ! ನಿಲ್ಲಿಸದೆ ಇಡೀ ಪರದೆ ಹಳದಿ ಮಾಡಿದ. ನಡುವೆ ಎರಡು ಸಲ ಪರದೆ ನೋಡಿದ. ನಿಲ್ಲಿಸುವುದನ್ನು ಹೇಗೆ ಕಲಿಸಲಿ?

ಉತ್ತರ: ಈ ವಾರ ಕಲಿಸಬೇಡಿ. ಹಳದಿ ಮಾಡಲಿ. ನೀವು ‘ಸೇವ್’ ಒತ್ತಿ, ಮುಂದಿನ ಭಾನುವಾರ ಇಲ್ಲಿ ಹಾಕಿ.