ಎಕ್ಸೆಲ್‌ನಲ್ಲಿ ಪೇಸ್ಟ್ ಸ್ಪೆಷಲ್ ಆಯ್ಕೆಗಳೇ ಕಾಣುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಎಕ್ಸೆಲ್‌ನಲ್ಲಿ ಒಂದು ಫೈಲ್‌ನಿಂದ ಕಾಪಿ ಮಾಡಿ ಇನ್ನೊಂದರಲ್ಲಿ ಪೇಸ್ಟ್ ಸ್ಪೆಷಲ್ (ಕಾಪಿ ಮಾಡಿದ್ದನ್ನು ಹೇಗೆ ಹಾಕಬೇಕು ಅಂತ ಆರಿಸುವ ಆಯ್ಕೆ) ಒತ್ತಿದರೆ ವ್ಯಾಲ್ಯೂಸ್ (ಬರೀ ಮೌಲ್ಯ), ಫಾರ್ಮುಲಾಸ್ (ಸೂತ್ರ), ಟ್ರಾನ್ಸ್‌ಪೋಸ್ (ಅಡ್ಡಸಾಲು-ಕಂಬಸಾಲು ಅದಲುಬದಲು) ಯಾವುದೂ ಇಲ್ಲ. ಬರೀ ಟೆಕ್ಸ್ಟ್, ಯೂನಿಕೋಡ್ ಟೆಕ್ಸ್ಟ್ ಅಂತ ಚಿಕ್ಕ ಪಟ್ಟಿ ಬರುತ್ತದೆ. ಅದೇ ಫೈಲ್‌ನ ಬೇರೆ ಶೀಟ್‌ಗೆ ಹಾಕಿದರೆ ಎಲ್ಲ ಸರಿಯಾಗಿದೆ!

ಕಟ್ ಮಾಡಿದರೆ ಪೇಸ್ಟ್ ಸ್ಪೆಷಲ್ ಸಿಗಲ್ಲ, ಗೊತ್ತು. ನಾನು ಮಾಡುತ್ತಿರುವುದು ಕಾಪಿನೇ. ಆಪ್ಷನ್ಸ್‌ನ ಅಡ್ವಾನ್ಸ್ಡ್‌ನಲ್ಲಿ ಪೇಸ್ಟ್ ಆಪ್ಷನ್ಸ್ ಬಟನ್ ತೋರಿಸುವ ಟಿಕ್ ಕೂಡ ಇದೆ.

ಟಾಸ್ಕ್ ಮ್ಯಾನೇಜರ್‌ನಲ್ಲಿ (ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ) ನೋಡಿದರೆ ಎಕ್ಸೆಲ್ ಒಂದೇ ಹೊತ್ತಿಗೆ ಎರಡು ಪ್ರತಿ ಓಡುತ್ತಿದೆ. ಎರಡು ಫೈಲ್‌ಗಳಲ್ಲಿ ಒಂದು ಲೆಕ್ಕದ ಸಾಫ್ಟ್‌ವೇರ್‌ನ ರಿಪೋರ್ಟ್; ಅದನ್ನು ತೆರೆಯುವಾಗ ಆ ಸಾಫ್ಟ್‌ವೇರ್ ತನ್ನದೇ ಬೇರೆ ಎಕ್ಸೆಲ್ ಶುರು ಮಾಡುತ್ತದೆ ಅಂತ ಅನುಮಾನ. ರಿಪೋರ್ಟನ್ನು ಸೇವ್ ಮಾಡಿ, ಮುಚ್ಚಿ, ಮೊದಲ ಎಕ್ಸೆಲ್‌ನ ಓಪನ್‌ನಿಂದ ತೆರೆದರೆ ಆಯ್ಕೆಗಳೆಲ್ಲ ವಾಪಸ್ ಬರುತ್ತವೆ. ಆದರೆ ದಿನಾ ಇದೇ ಸರ್ಕಸ್ ಆಗಲ್ಲ ಅಲ್ವಾ? ಎರಡೂ ಒಂದೇ ಎಕ್ಸೆಲ್‌ನಲ್ಲಿ ತೆರೆಯುವಂತೆ ಮಾಡುವ ಸೆಟ್ಟಿಂಗ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ.