ಡುವಾರ್ಟ್ ಕೋಟೆ: ನಿಜಕ್ಕೂ ಹಳೆಯದಾ?

ಅಲೆಮಾರಿ: ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಗೆ ಹೊರಟಿದ್ದೇವೆ. ಸರ್ಕಾರದ ಕೈಗೆ ಹೋಗದೆ, ಒಂದು ಮನೆತನವೇ ಇಟ್ಟುಕೊಂಡಿರುವ ಕೋಟೆ ನೋಡುವ ಆಸೆ. ಮಲ್ ದ್ವೀಪದ ಡುವಾರ್ಟ್ ಬಗ್ಗೆ ಓದಿದೆ. ಆದರೆ ಅದನ್ನು 1911ರ ನಂತರ ಎಬ್ಬಿಸಿ ನಿಲ್ಲಿಸಿದ್ದಂತೆ. ಹಾಗಾದರೆ ನಾವು ನೋಡೋದು ಹಳೇ ಕೋಟೆನಾ ಅಥವಾ ನೂರು ವರ್ಷದ ಕಟ್ಟಡನಾ? ದಡದ ಬಂದರು ಊರು ಓಬನ್‌ನಿಂದ ಹೋಗಿ ಅದೇ ದಿನ ವಾಪಸ್ ಬರಬಹುದಾ?

ಹಳೇಗೋಡೆ: ಗೋಡೆಗಳು ಹಳೆಯವೇ, ಅನುಮಾನ ಬೇಡ. ಮ್ಯಾಕ್‌ಲೀನ್ ಮನೆತನ 1691ರಲ್ಲಿ ಇದನ್ನು ಎದುರಾಳಿ ಕುಲದ ಕ್ಯಾಂಪ್‌ಬೆಲ್‌ಗಳಿಗೆ ಬಿಟ್ಟುಕೊಟ್ಟಿತು. ಆಮೇಲೆ 1751ರವರೆಗೆ ಸೈನಿಕರಿದ್ದರು, ಅವರೂ ಹೋದ ಮೇಲೆ ಚಾವಣಿ ಬಿದ್ದು ಪಾಳು. 1911ರಲ್ಲಿ ಆ ಕುಲದ ಮುಖ್ಯಸ್ಥ ಸರ್ ಫಿಟ್ಜ್‌ರಾಯ್ ಮ್ಯಾಕ್‌ಲೀನ್ ಪಾಳನ್ನು ಕೊಂಡು, ಜಾನ್ ಬರ್ನೆಟ್ ಎಂಬ ವಾಸ್ತುಶಿಲ್ಪಿಯಿಂದ ರಿಪೇರಿ ಮಾಡಿಸಿದರು. ಆಗ ಅವರಿಗೆ ಎಪ್ಪತ್ತೈದು ದಾಟಿತ್ತು! ಆ ವಯಸ್ಸಲ್ಲಿ ಚಾವಣಿಯೇ ಇಲ್ಲದ ಕೋಟೆ ಕೊಳ್ಳೋಕೆ ಹುಚ್ಚೇ ಇರಬೇಕು, ಆದರೆ 1936ರವರೆಗೂ ಬದುಕಿದ್ದರು, ಹಾಗಾಗಿ ಹಾಕಿದ ದುಡ್ಡು ಸಾರ್ಥಕವಾಯಿತು ಅನ್ನಿ. ಕೋಟೆ ಈಗಲೂ ಅದೇ ಮನೆತನದ್ದು.

ದೋಣಿಪ್ರಿಯ: ಬರಬಹುದು. ಓಬನ್‌ನಿಂದ ಮಲ್ ದ್ವೀಪದ ದೋಣಿಗಟ್ಟೆ ಕ್ರೇಗ್‌ನ್ಯೂರ್‌ಗೆ ಫೆರ್ರಿಯಲ್ಲಿ ಮುಕ್ಕಾಲು ಗಂಟೆ, ಸ್ವಲ್ಪ ಜಾಸ್ತಿ ಹಿಡಿದುಕೊಳ್ಳಿ. ಹೋಗುವಾಗ ಎಡಗಡೆ ನಿಂತುಕೊಳ್ಳಿ, ಕಡಲ ಅಂಚಿನ ಬಂಡೆ ಮೇಲೆ ಕೋಟೆ ಕಾಣುತ್ತದೆ, ಕೆಲವರಿಗೆ ಒಳಗೆ ಹೋಗೋದಕ್ಕಿಂತ ಆ ನೋಟವೇ ಇಷ್ಟ. ಇಳಿದ ಮೇಲೆ ಇನ್ನೂ ಐದು ಕಿಲೋಮೀಟರ್‌ನಷ್ಟಿದೆ, ಬಸ್ ಸಮಯ ಮೊದಲೇ ನೋಡಿಕೊಳ್ಳಿ. ಚಳಿಗಾಲದಲ್ಲಿ ಕೋಟೆ ಮುಚ್ಚಿರುತ್ತದೆ.

ಖಡಕ್: ನಾನಾದರೆ ಸ್ಕಾಟ್ಲೆಂಡಿನದೇ ಇನ್ನೊಂದು ಕೋಟೆ, ಐಲೀನ್ ಡೊನನ್‌ಗೆ ಹೋಗುತ್ತೇನೆ. ಫೋಟೋಗೆ ಅದನ್ನು ಮೀರಿಸಿದ್ದಿಲ್ಲ.

ಹಳೇಗೋಡೆ: ಫೋಟೋಗೆ ಸರಿ, ಆದರೆ ಇವರ ಪ್ರಶ್ನೆಗೆ ಅದು ಇನ್ನೂ ಕಷ್ಟದ ಉತ್ತರ ಅಲ್ವಾ? 1719ರಲ್ಲಿ ನೌಕಾಪಡೆಯವರು ಅದನ್ನು ಮದ್ದಿಟ್ಟು ಉಡಾಯಿಸಿದರು. ಈಗ ಕಾಣೋದು ಬಹುಪಾಲು 1932ರಲ್ಲಿ ಮುಗಿದ ಕಟ್ಟಡ. ಅದೂ ಒಂದು ಮನೆತನದವರೇ ಕಟ್ಟಿಸಿದ್ದು, ಈಗ ಟ್ರಸ್ಟ್ ನೋಡಿಕೊಳ್ಳುತ್ತದೆ.

ಅಲೆಮಾರಿ: ಹಾಗಾದರೆ ಡುವಾರ್ಟ್ ಗಟ್ಟಿ. ಒಳಗೆ ಏನೇನಿದೆ?

ದೋಣಿಪ್ರಿಯ: ದೊಡ್ಡ ಹಾಲ್, ಮನೆತನದ ಚಿತ್ರಪಟಗಳು, ಕೆಳಗೆ ಕತ್ತಲಕೋಣೆ. 1588ರಲ್ಲಿ ಇದೇ ದ್ವೀಪದ ಟೋಬರ್‌ಮೋರಿ ಊರಿನ ಬಳಿ ಸ್ಪೇನ್‌ನ ಹಡಗು ಸ್ಫೋಟಗೊಂಡಿತ್ತಲ್ಲ, ಆ ಕಾಲದ ಸ್ಪ್ಯಾನಿಷ್ ಕೈದಿಗಳ ಬೊಂಬೆಗಳನ್ನು ಅಲ್ಲಿ ಇಟ್ಟಿದ್ದಾರೆ, ಮಕ್ಕಳಿಗೆ ಅದೇ ಖುಷಿ. ಮೇಲಿನ ಗೋಡೆ ಹತ್ತೋದು ಮಾತ್ರ ಬಿಡಬೇಡಿ. ಮಳೆ, ಗಾಳಿಗೆ ಸದಾ ಏನಾದರೂ ಕೆಲಸ ನಡೆಯುತ್ತಲೇ ಇರುತ್ತದೆ, ಅಟ್ಟಣಿಗೆ ಕಟ್ಟಿದ್ದರೆ ಬೇಜಾರಾಗಬೇಡಿ. ಟಿಕೆಟ್ ದುಡ್ಡು ಹೋಗೋದು ಅದಕ್ಕೇ.