ಭ್ರೂಣದಾನ, ಭ್ರೂಣ ದತ್ತು, ಕಸಿ, ಹೆತ್ತ ತಾಯಿ: ಯಾವ ಪದ ಎಲ್ಲಿಗೆ?

ಎಲ್ರಿಗೂ ನಮಸ್ಕಾರ. ಮಕ್ಕಳಾಗದ ದಂಪತಿಗಳಿಗೆ ಅಂತ ಒಂದು ಮಾಹಿತಿ ಪತ್ರ ಕನ್ನಡಕ್ಕೆ ತರ್ತಾ ಇದೀನಿ, ಕೆಲವು ಪದದ ಹತ್ರ ಬಂದು ನಿಂತುಬಿಟ್ಟಿದೀನಿ. ವಿಷ್ಯ ಏನಂದ್ರೆ, ಐವಿಎಫ್ (ಅಂಡಾಣು, ವೀರ್ಯಾಣು ಲ್ಯಾಬಲ್ಲಿ ಸೇರಿಸಿ ಭ್ರೂಣ ಮಾಡೋ ಚಿಕಿತ್ಸೆ) ಮಾಡಿಸ್ಕೊಂಡ ಒಂದು ಜೋಡಿಗೆ ಮಕ್ಕಳಾದ್ಮೇಲೂ ಲ್ಯಾಬಲ್ಲಿ ಮೈನಸ್ 196 ಡಿಗ್ರಿ ದ್ರವ ಸಾರಜನಕದಲ್ಲಿ ಭ್ರೂಣಗಳು ಉಳಿದಿರ್ತವೆ, ತಮಗೆ ಬೇಡ ಅಂತಾದಾಗ ಬೇರೆ ಜೋಡಿಗೆ ಕೊಡ್ತಾರೆ, ಆ ಹೆಂಗಸು ಹೊತ್ತು ಹೆರ್ತಾಳೆ.

ನಾನು "ಭ್ರೂಣದಾನ" ಅಂತ ಬರೆದೆ. ಗೆಳೆಯರೊಬ್ರು ಪಿಂಡ ಅನ್ನೋ ಪದಾನೂ ಇದೆಯಲ್ಲ ಅಂದ್ರು. ಅದಕ್ಕೆ ದಾನ ಸೇರಿಸಿ ಜೋರಾಗಿ ಒಂದ್ಸಲ ಓದಿ ಅಂದೆ, ಸುಮ್ನಾದ್ರು!

ಆದ್ರೆ ಭ್ರೂಣ ಅಂದಾಗ್ಲೂ ತೊಡಕಿದೆ. ಭ್ರೂಣಹತ್ಯೆ ಅಂತ ಓದಿ ಓದಿ ನಮ್ಗೆ ಕೈಕಾಲು ಮೂಡಿದ ಕೂಸೇ ಕಣ್ಮುಂದೆ ಬರುತ್ತೆ, ಇಲ್ಲಿ ಕೊಡೋದು ಹೆಚ್ಚಂದ್ರೆ ಐದಾರು ದಿನದ್ದು, ನೂರು ಚಿಲ್ಲರೆ ಜೀವಕೋಶ ಅಷ್ಟೆ, ಬರಿಗಣ್ಣಿಗೆ ಒಂದು ಚುಕ್ಕೆ. ಇಂಗ್ಲಿಷಲ್ಲಿ ಎಂಟು ವಾರದ ಆಚೆಗೆ ಬೇರೆ ಪದ ಇದೆ, ನಾವು ಎರಡಕ್ಕೂ ಒಂದನ್ನೇ ಎಳೀತೀವಿ. "ಎಳೆಭ್ರೂಣ" ಅಂದ್ರೆ ಹೇಗೆ?

ಇನ್ನು ದತ್ತು. ಅಮೆರಿಕದಲ್ಲಿ 1997ರಿಂದ ಒಂದು ಸಂಸ್ಥೆ ಇದನ್ನ ಭ್ರೂಣ ದತ್ತು ಅಂತಾನೇ ನಡೆಸ್ತಿದೆ, ಅಲ್ಲಿನ ಸಂತಾನವೈದ್ಯರ ಸಂಘದ ನೀತಿ ಸಮಿತಿ ಮಾತ್ರ ದತ್ತು ಅನ್ನೋದು ಹುಟ್ಟಿದ ಮಗುವಿಗೆ ಸಲ್ಲೋ ಮಾತು, ಭ್ರೂಣಕ್ಕೆ ಹಚ್ಚಿದ್ರೆ ದಾರಿ ತಪ್ಪಿಸುತ್ತೆ ಅನ್ನುತ್ತೆ. ತಮಾಷೆ ಅಂದ್ರೆ ದಾನ, ದತ್ತ ಎರಡೂ ಕೊಡೋದು ಅನ್ನೋ ಒಂದೇ ಧಾತುವಿಂದ ಬಂದಿದ್ದು, ಆದ್ರೂ ಬಳಕೇಲಿ ದಾನ ಕೊಟ್ಟವನ ಕಡೆ ನೋಡುತ್ತೆ, ದತ್ತು ತಗೊಂಡವನ ಕಡೆ. ನನ್ನ ಓಟು ದಾನಕ್ಕೇ.

ಭ್ರೂಣಾನ ಗರ್ಭಕೋಶದೊಳಗೆ ಇಡೋದಕ್ಕೆ ಪೇಪರುಗಳು ಬರೆಯೋ "ಭ್ರೂಣ ಕಸಿ" ನಂಗೆ ಹಿಡಿಸಲ್ಲ, "ವರ್ಗಾವಣೆ" ಅಂದ್ರೆ ಸರ್ಕಾರಿ ನೌಕರನ ನೆನಪು. ಡಾಕ್ಟ್ರು ಮಾಡೋದು ತೆಳು ಕೊಳವೇಲಿ ಗರ್ಭಕೋಶದೊಳಗೆ ಇಡೋದು ಮಾತ್ರ, ಅಲ್ಲಿ ಒಳಪದರಕ್ಕೆ ಕಚ್ಕೊಳ್ಳೋದು ಭ್ರೂಣ ತಾನಾಗೇ, ಒಂದೆರಡು ದಿನ ಕಳೆದು, ಕಚ್ಕೊಳ್ದೆನೂ ಇರಬಹುದು. ಕಸಿ ಅಂದ್ರೆ ಇವೆರಡೂ ಕಲಸಿಹೋಗುತ್ತೆ, ಓದಿದವರು ಇಟ್ಟ ದಿನಾನೇ ಬಸಿರು ನಿಂತ್ಬಿಡ್ತು ಅನ್ಕೋತಾರೆ. "ಭ್ರೂಣ ಇಟ್ಟರು, ಅದು ನಾಟಿತು" ಅಂದ್ರೆ ಎಷ್ಟು ಸಲೀಸು ನೋಡಿ, ಬಾಣ ನಾಟಿತು ಅಂತೀವಲ್ಲ ಹಾಗೆ.

ನಿಜವಾಗ್ಲೂ ತಲೆ ಕೆಡಿಸಿರೋದು ತಾಯಿ. ಹೆತ್ತ ತಾಯಿ, ಸಾಕು ತಾಯಿ ಅಂತ ನಮ್ಮಲ್ಲಿರೋ ಜೋಡಿ ಇಲ್ಲಿ ಮುರಿದುಬೀಳುತ್ತೆ, ಯಾಕಂದ್ರೆ ಭ್ರೂಣ ಪಡೆದವಳೇ ಹೆರೋದು, ಹೆತ್ತು ಸಾಕೋದು ಎರಡೂ ಅವಳೇ (ಬಾಡಿಗೆ ತಾಯಿ ಅಂತ ದಯವಿಟ್ಟು ಯಾರೂ ಬರೀಬೇಡಿ, ಅವಳು ಬೇರೆಯವರಿಗಾಗಿ ಹೊರೋಳು). ಹಾಗಾದ್ರೆ ಅಂಡಾಣು ಯಾರದೋ ಅವಳಿಗೇನನ್ನೋದು? "ವಂಶವಾಹಿ ತಾಯಿ" ಅಂತ ಹಾಕಿ ನೋಡ್ದೆ, ವಾಹಿ ಅಂದ್ರೆ ಹೊರೋದು, ಹೊತ್ತಿದ್ದು ಇನ್ನೊಬ್ಳು! ಸದ್ಯಕ್ಕೆ "ಅಂಡಾಣು ಕೊಟ್ಟವರು" ಅಂತ ಬರೆದು ತಾಯಿ ಅನ್ನೋ ಪದಾನೇ ಬಿಟ್ಟಿದೀನಿ. ಸರೀನಾ? ಹಳಗನ್ನಡ ಬಲ್ಲವರು ಯಾರಾದ್ರೂ ಬೇರೆ ಪದ ಕೊಡ್ತೀರಾ?